ಹಿತ್ತಾಳೆ ಗುಂಡಿನ ಹಿಂದೆ ಒಂದು ಬೆರಳು

ಶಾಲೆಯ ಪ್ರಯೋಗಾಲಯದಲ್ಲಿದ್ದ ಹಿತ್ತಾಳೆ ಗುಂಡಿಗೆ ಹತ್ತೊಂಬತ್ತು ವರ್ಷಗಳಲ್ಲಿ ಒಮ್ಮೆಯೂ ವಿದ್ಯುತ್ ಹಿಡಿದಿರಲಿಲ್ಲ. ಗಾಜಿನ ಕಾಲಿನ ಮೇಲೆ ಕಿತ್ತಳೆ ಹಣ್ಣಿನ ಗಾತ್ರದ ಗುಂಡು, ಅದರ ಕೊಕ್ಕೆಯಿಂದ ಜೋತುಬಿದ್ದ ಎರಡು ತೆಳ್ಳನೆಯ ತಗಡಿನ ಹಾಳೆ. ಗುಂಡಿಗೆ ವಿದ್ಯುತ್ ಬಂದರೆ ಹಾಳೆಗಳು ಜಗಳವಾಡಿದ ಓರಗಿತ್ತಿಯರ ಹಾಗೆ ದೂರ ಸರಿಯಬೇಕು. ಅವೋ, ಒಂದನ್ನೊಂದು ಬಿಟ್ಟು ಕದಲಿದ್ದೇ ಇಲ್ಲ. ಬಂದ ಮೇಷ್ಟ್ರುಗಳೆಲ್ಲ ಹವೆಯಲ್ಲಿ ತೇವ ಜಾಸ್ತಿ ಎಂದು ಹವೆಯನ್ನೇ ಬೈದು, ವರ್ಗವಾಗಿ ಹೋದರು.

ವರ್ಗವಾಗದೆ ಉಳಿದವನು ಅಟೆಂಡರ್ ಒಬ್ಬನೇ. ಅವನು ಕೆಲಸಕ್ಕೆ ಸೇರಿದ ಎರಡನೇ ವಾರ ಗುಂಡು ಮೇಜಿನಿಂದ ಬಿದ್ದು ನೆಗ್ಗಿತ್ತು. ಆಗಿನ ಹೆಡ್‌ಮಾಸ್ಟರು ಇಡೀ ಶಾಲೆಯ ಮುಂದೆ ಅವನ ಮಾನ ಹರಾಜು ಹಾಕಿದ್ದರು. ಅಂದಿನಿಂದ ಪ್ರಯೋಗ ನಡೆಯುವಾಗಲೆಲ್ಲ ಅವನು ಆಗಷ್ಟೇ ಒರೆಸಿದ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಯಾರಿಗೂ ಕಾಣದಂತೆ ತೋರುಬೆರಳನ್ನು ಗುಂಡಿನ ಬೆನ್ನಿಗೆ ಒತ್ತಿ ಹಿಡಿಯುತ್ತಿದ್ದ. ಮತ್ತೆ ಬೀಳದಿರಲಿ ಎಂದಷ್ಟೇ, ಪಾಪ. ಗುಂಡಿಗೆ ಬಂದ ವಿದ್ಯುತ್ತೆಲ್ಲ ಆ ಬೆರಳಿನಿಂದ ಅವನ ಮೈಗೆ, ಮೈಯಿಂದ ನೆಲಕ್ಕೆ ಸದ್ದಿಲ್ಲದೆ ಇಳಿದುಹೋಗುತ್ತಿದೆ ಎಂದು ಅವನಿಗೆ ಯಾರು ಹೇಳಬೇಕು? ಬೆರಳಿನ ಸುದ್ದಿಯೇ ಯಾರಿಗೂ ಗೊತ್ತಿರಲಿಲ್ಲ.

ಈಗ ಇನ್‌ಸ್ಪೆಕ್ಟರು ಬರುವವರಿದ್ದರು. ಸ್ಟಾಕ್ ಬುಕ್ಕಿನಲ್ಲಿರುವ ಒಂದೇ ಒಂದು ಉಪಕರಣ ಕೆಲಸ ಮಾಡದಿದ್ದರೂ ಪ್ರಯೋಗಾಲಯಕ್ಕೆ ಬೀಗ ಜಡಿದು, ಒಳಗೆ ಮುರಿದ ಬೆಂಚು ತುಂಬಿಸುವುದಾಗಿ ಪತ್ರ ಬಂದಿತ್ತು. ಅಟೆಂಡರನನ್ನು ಗೇಟು ಕಾಯಲು ಹಾಕುತ್ತಾರಂತೆ. ಸಂಬಳ ಹೋಗುವುದಿಲ್ಲ, ಆದರೆ ಗುಂಡು ಕೈತಪ್ಪುತ್ತದೆ. ಅದನ್ನು ನೆನೆದರೇ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಹೊಸದಾಗಿ ಬಂದ ವಿಜ್ಞಾನದ ಮೇಡಂ ಲೋಹಕ್ಕೆ ವಿದ್ಯುತ್ ಕೂಡಿಸಲು ಮೂರು ದಾರಿ ಹೇಳಿದ್ದರು: ಉಜ್ಜುವುದು, ವಿದ್ಯುತ್ ಇರುವ ಕಡ್ಡಿಯನ್ನು ಮುಟ್ಟಿಸುವುದು, ಇಲ್ಲವೇ ಮುಟ್ಟಿಸದೆ ಬರೀ ಹತ್ತಿರ ಹಿಡಿಯುವುದು. ಮೂರನೆಯದರಲ್ಲಿ ಒಂದು ಚಮತ್ಕಾರವಿದೆ ಎನ್ನುವಷ್ಟರಲ್ಲಿ ಬೆಲ್ ಹೊಡೆದಿತ್ತು. ಭಾನುವಾರ ಅಟೆಂಡರ್ ಗುಂಡನ್ನು ಹಸುಗೂಸಿನ ಹಾಗೆ ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ತಂದ.

ಹೆಂಡತಿ ಟೈಲರ್, ಮನೆ ತುಂಬ ಬಟ್ಟೆಯ ಚೂರು. ಅವಳು ಉಣ್ಣೆಯಿಂದ, ರೇಷ್ಮೆಯಿಂದ, ಕೊನೆಗೆ ಗಿರಾಕಿಯೊಬ್ಬಳ ನೈಲಾನ್ ಲಂಗದಿಂದ ಪ್ಲಾಸ್ಟಿಕ್ ಪೈಪನ್ನು ಉಜ್ಜಿ ಗುಂಡಿಗೆ ಮುಟ್ಟಿಸಿದಳು. ಅವನ ಅತ್ತೆ ತಲೆ ಬಾಚಿ ಬಾಚಿ ಬಾಚಣಿಗೆ ಮುಟ್ಟಿಸಿದರು. ಅವನು ಬೆರಳು ಒತ್ತಿ ಕಾವಲು ನಿಂತ. ಮಧ್ಯಾಹ್ನದ ಹೊತ್ತಿಗೆ ಮನೆಯಲ್ಲಿ ಗುಂಡೊಂದನ್ನು ಬಿಟ್ಟು ಮಿಕ್ಕಿದ್ದಕ್ಕೆಲ್ಲ ವಿದ್ಯುತ್ ಹಿಡಿದಿತ್ತು. ಕುಕ್ಕರ್ ಮುಟ್ಟಿದರೆ ಚಟ್, ಚಿಲಕ ಮುಟ್ಟಿದರೆ ಚಟ್. ಹಾಲಿನವನು ಗೇಟಿಗೆ ಕೈಯಿಟ್ಟವನೇ ಕ್ಯಾನು ಅಲ್ಲೇ ಬಿಟ್ಟು ಓಟ ಕಿತ್ತ. ಅತ್ತೆಯ ಕೂದಲು ನೆಟ್ಟಗೆ ನಿಂತಿದ್ದು ಇಳಿಯಲೇ ಇಲ್ಲ.

"ನಿಮ್ಮ ಮಾವನವ್ರೂ ಹೀಗೇ ಇದ್ರು ಅಳಿಯಂದ್ರೇ," ಎಂದರು ಅತ್ತೆ, ಗುಂಡನ್ನು ದಿಟ್ಟಿಸುತ್ತ. "ಏನು ಮಾಡಿದ್ರೂ ತಟ್ತಾ ಇರ್ಲಿಲ್ಲ."

ಸೋಮವಾರ ಇನ್‌ಸ್ಪೆಕ್ಟರು ಬಂದರು. ಮೇಡಂ ಗುಂಡನ್ನೇ ಉಣ್ಣೆಯಿಂದ ಉಜ್ಜಿದರು, ಹಾಳೆ ಕದಲಲಿಲ್ಲ. ಕಡ್ಡಿ ಉಜ್ಜಿ ಮುಟ್ಟಿಸಿದರು, ಅದೂ ಇಲ್ಲ. ಕಡ್ಡಿಯನ್ನು ಇನ್ನೊಮ್ಮೆ ಉಜ್ಜಿ ಗುಂಡಿನ ಹತ್ತಿರ ಹಿಡಿದು ನಿಂತರು. ಅಟೆಂಡರನ ಬೆರಳು ಎಂದಿನಂತೆ ಅದರ ಬೆನ್ನಿಗೆ ಅಂಟಿಕೊಂಡಿತ್ತು. ಇನ್‌ಸ್ಪೆಕ್ಟರಿಗೆ ಆಕಳಿಕೆ ಬಂತು.

"ಸಾಕು ಬಿಡಿ. ಬೀಗದಕೈ ಕೊಡಪ್ಪಾ," ಎಂದರು.

ಅವನ ಕಣ್ಣು ಮಂಜಾಯಿತು. ಬೀಗದಕೈ ಸೊಂಟಕ್ಕೆ ಕಟ್ಟಿತ್ತು, ಗಂಟು ಬಿಚ್ಚಲು ಎರಡೂ ಕೈ ಬೇಕು. ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ, ಪ್ರಯೋಗ ನಡೆಯುತ್ತಿರುವಾಗಲೇ, ಅವನು ಬೆರಳು ತೆಗೆದ. ಮೇಡಂ ನಿಟ್ಟುಸಿರುಬಿಟ್ಟು ಕಡ್ಡಿ ಕೆಳಗಿಳಿಸಿದರು.

ಹಾಳೆಗಳು ಫಕ್ಕನೆ ದೂರ ಸರಿದವು.

ಇದೇನಿದು ಎಂದು ಇನ್‌ಸ್ಪೆಕ್ಟರು ತಮ್ಮ ಸ್ಟೀಲ್ ಪೆನ್ನು ಚಾಚಿದರು. ಚಟ್ ಎಂದಿತು. ಪೆನ್ನು ಕಿಟಕಿಯಾಚೆ ಹೋಯಿತು.

ಮೇಡಂ ಗುಂಡಿನ ಹಿಂದಕ್ಕೆ ಹೋಗಿ ನೋಡಿದರು. ಅಲ್ಲಿ ಬೆರಳಿನಗಲದ ಜಾಗ ಸವೆದು ಕನ್ನಡಿಯಂತಾಗಿತ್ತು. ಅವರು ಕೇಳಿದರು, ಅವನು ಎಲ್ಲವನ್ನೂ ಒಪ್ಪಿಕೊಂಡ. ಹಾಗಾದರೆ ಇಷ್ಟು ವರ್ಷ ಇದನ್ನು ಕೆಡಿಸಿದ್ದು ತಾನೇ ಎಂದು ತಿಳಿದಾಗ ಅವನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು.

"ಕೆಡ್ಸಿದ್ದೂ ಅದೇ ಬೆರಳು, ಈಗ ಮಾಡಿದ್ದೂ ಅದೇ," ಎಂದರು ಮೇಡಂ. "ಕಡ್ಡಿ ಹತ್ರ ಇದ್ದಾಗ ಒಬ್ರು ಗುಂಡನ್ನ ಮುಟ್ಟಿರ್ಬೇಕು. ಕಡ್ಡಿ ತೆಗೆಯೋಕ್ ಮುಂಚೆ ಬಿಡ್ಬೇಕು. ಅಷ್ಟೇ."

ಇನ್‌ಸ್ಪೆಕ್ಟರು ಸ್ಟಾಕ್ ಬುಕ್ಕನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದರು. ಗುಂಡು ಇತ್ತು, ಕಡ್ಡಿ ಇತ್ತು, ಬೆರಳು ಇರಲಿಲ್ಲ. ಪುಸ್ತಕದಲ್ಲಿಲ್ಲದ ಉಪಕರಣವನ್ನು ಬಳಸುವಂತಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ಕೊನೆಗೆ ಮೇಡಂ ಅವರ ಪೆನ್ನು ಇಸಿದುಕೊಂಡು, ತಾವೇ ಒಂದು ಸಾಲು ಸೇರಿಸಿ ಸಹಿ ಹಾಕಿದರು: ತೋರುಬೆರಳು, ಬಲಗೈಯದು, ಒಂದು. ಸುಸ್ಥಿತಿಯಲ್ಲಿದೆ. ಪ್ರಯೋಗಾಲಯ ಉಳಿಯಿತು.

ಸಂಜೆ ಮನೆಯಲ್ಲಿ ಹೆಂಡತಿ ಈರುಳ್ಳಿ ಹೆಚ್ಚಿಕೊಡಿ ಎಂದರೆ ಅವನು ಚಾಕು ಮುಟ್ಟಲೊಪ್ಪಲಿಲ್ಲ. ಶಾಲೆಯ ಬೆರಳು, ಏನಾದರೂ ಆದರೆ ಯಾರು ಜವಾಬ್ದಾರಿ ಎಂದ. ಅತ್ತೆ ಉಗುರು ಕತ್ತರಿಸುವುದಕ್ಕೂ ಅರ್ಜಿ ಹಾಕಬೇಕೇ ಎಂದು ವಿಚಾರಿಸಿದರು.

ಮರುದಿನ ಮಕ್ಕಳ ಮುಂದೆ ಮೇಡಂ ಕಡ್ಡಿ ಹತ್ತಿರ ತಂದು, ಮುಟ್ಟಿ ಎಂದರು. ಅವನು ಈಗ ಮುಂದೆ ಬಂದು, ಎಲ್ಲರಿಗೂ ಕಾಣುವಂತೆ ಮುಟ್ಟಿದ. ಬಿಡಿ ಎಂದರು. ಅವನಿಗೆ ಆ ಹಳೆಯ ಹೆಡ್‌ಮಾಸ್ಟರ ದನಿ ಕಿವಿಯಲ್ಲಿ ಕೇಳಿದಂತಾಯಿತು. ಕಣ್ಣು ಮುಚ್ಚಿಕೊಂಡು ಬಿಟ್ಟ.

ಗುಂಡು ಬೀಳಲಿಲ್ಲ.