ಹೆಜ್ಜೆ ಮುಚ್ಚಿದ ಪಟ್ಟಿ

ಸೋದರತ್ತೆಯ ನೃತ್ಯ ಕೇಬಲ್ ಚಾನೆಲ್ಲಿನಲ್ಲಿ ನೇರಪ್ರಸಾರವಾಗುತ್ತಿತ್ತು. ಚಾನೆಲ್ಲಿನ ಮುಖ್ಯಸ್ಥನಾದ ಸೋದರಳಿಯ ಪರದೆಯ ಅಡಿಯಲ್ಲಿ ಕುಕ್ಕರ್ ಜಾಹೀರಾತಿನ ಪಟ್ಟಿ ಓಡಿಸಿದ್ದ.

"ನನ್ನ ಕಾಲೇ ಮುಚ್ಚಿಹೋಗುತ್ತಲ್ಲೋ," ಎಂದು ಅತ್ತೆ ಮೊದಲೇ ಗೊಣಗಿದ್ದಳು.

"ನಮ್ಮ ಜನ ಕಾಲೆಲ್ಲಿ ನೋಡ್ತಾರೆ ಅತ್ತೆ? ಮುಖ ಕಂಡ್ರೆ ಸಾಕು," ಎಂದು ಅವನು ನಕ್ಕಿದ್ದ.

ನೃತ್ಯ ಶುರುವಾದ ಹತ್ತೇ ನಿಮಿಷಕ್ಕೆ ಅವನಿಗೆ ಫೋನು ಬಂತು.

"ಸ್ವಾಮಿ, ನಾನು ಚಪ್ಪಲಿ ಹೊಲಿಯೋನು. ಗೆಜ್ಜೆ ಕೇಳಿಸುತ್ತೆ, ಹೆಜ್ಜೆ ಕಾಣಿಸ್ತಿಲ್ಲ. ಆ ಕುಕ್ಕರ್ ಇಳಿಸಿ, ನಮಗೇನು ಕಣ್ಣಿಲ್ವಾ?"

ಜಾಹೀರಾತು ಕೊಟ್ಟವರು ಮುನಿಸಿಕೊಂಡಾರೆಂದು ಮೀನಮೇಷ ಎಣಿಸಿ, ಕೊನೆಗೂ ಅವನು ಪಟ್ಟಿ ತೆಗೆಸಿದ. ಅಷ್ಟರಲ್ಲಿ ನೃತ್ಯ ಮುಗಿದು, ಅತ್ತೆ ಕೈಮುಗಿದು ನಿಂತಿದ್ದಳು.

"ಈಗ ಕಾಣ್ತಿದೆ ಸ್ವಾಮಿ," ಎಂದಿತು ಫೋನಿನಲ್ಲಿ ಇನ್ನೂ ಕಾಯುತ್ತಿದ್ದ ದನಿ, "ಆದ್ರೆ ಅಮ್ಮಾವ್ರು ನಿಂತೇಬಿಟ್ರಲ್ಲ."

ಅವನು ತನ್ನ ಕಾಲುಗಳನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಂಡ.