ಜುಬೇರನ ಬೆಲೆ

ಬಸವಕಲ್ಯಾಣದ ಫುಟ್‌ಬಾಲ್ ಮಂಡಳಿಯ ಅಧ್ಯಕ್ಷ ಅಜೀಮ್ ಬಂದಾಗ ಮಕ್ಬೂಲ್ ಸಾಹೇಬರು ಪಡಸಾಲೆಯಲ್ಲಿ ತಸ್ಬಿಯ ಮಣಿ ಎಣಿಸುತ್ತ ಕುಳಿತಿದ್ದರು. ಮಗ ಫಿರೋಜ್ ತೀರಿಕೊಂಡ ಮೇಲೆ ಮಂಡಳಿಯವರು ಈ ಹೊಸ್ತಿಲು ತುಳಿದದ್ದು ಒಂದೇ ಸಲ. ಅದೂ ಪಂದ್ಯಾವಳಿಗೆ ಅವನ ಹೆಸರಿಡುತ್ತೇವೆಂದು ಹೇಳಲು.

“ಚಾಚಾ, ಜುಬೇರ ಹೈದರಾಬಾದಿನ ಕ್ಲಬ್ ಬಿಟ್ಟಾನ. ಕರಾರು ಮುಗದದ, ಈಗ ಹುಮನಾಬಾದದಾಗ ಮಾವನ ಮನ್ಯಾಗ ಇದ್ದಾನ, ಯಾರ ಕಡಿಯಾವನೂ ಅಲ್ಲ. ಹುಮನಾಬಾದದವ್ರು ಬೆನ್ನ ಹತ್ಯಾರ. ನಾವು ಮೊದಲು ಹಿಡೀಬೇಕು.”

“ಎಷ್ಟು ಕೇಳ್ತಾನ?”

“ಫಿರೋಜ್ ಕಪ್ ಆಡಾಕ ಎರಡು ಲಾಖ.”

ಅಡುಗೆಮನೆಯಿಂದ ಹೆಂಡತಿ ವಜೀರಬಿಯ ದನಿ ಬಂತು: “ನನ್ನ ಮಗ ಕಲಬುರ್ಗಿ ದವಾಖಾನ್ಯಾಗ ಬಿದ್ದಾಗ ಈ ಲಾಖ ಎಲ್ಲಿದ್ದವಂತ ಕೇಳ್ರಿ ಅವನ್ನ.”

ಫಿರೋಜ್ ಈ ಮಂಡಳಿಯ ಗೋಲ್‌ಕೀಪರ್ ಆಗಿದ್ದ. ಎದುರಾಳಿಯ ಕಾಲಿನಿಂದ ಚೆಂಡು ಕಸಿಯಲು ಬಿದ್ದು ತಲೆಗೆ ಪೆಟ್ಟು ತಿಂದ. ಆಗ ಮಂಡಳಿಯಲ್ಲಿ ಬಿಡಿಗಾಸೂ ಇರಲಿಲ್ಲವಂತೆ. ಅವನನ್ನು ಮಣ್ಣು ಮಾಡಿದ ಮರುತಿಂಗಳೇ ಆಟಗಾರರಿಗೆ ಹೊಸ ಅಂಗಿ ಬಂದವು.

“ನನ್ನಿಂದೇನಾಗಬೇಕು?” ಎಂದರು ಮಕ್ಬೂಲ್.

“ನೀವು ನೋಡಿ ಬೆಲೆ ಕಟ್ರಿ. ಬೆಲೆ ಟವೆಲ್ ಕೆಳಗೇ ಆಗಲಿ. ನಮ್ಮ ಹುಡುಗ್ರು ಪುಕ್ಕಟ ಆಡಾಕತ್ತಾರ, ಕಿವಿಗೆ ಬಿದ್ರ ಸುಮ್ಮನ ಬಿಡಂಗಿಲ್ಲ.”

ಮಕ್ಬೂಲ್ ಹುಮನಾಬಾದದ ದನದ ಬಜಾರದಲ್ಲಿ ದಲಾಲಿ ಮಾಡಿಯೇ ಮುದುಕರಾದವರು. ಅಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು ಬೆರಳು ಹಿಡಿದು ತಿಳಿಸುತ್ತಾರೆ. ಹಾಗೆ ಒಬ್ಬ ಹುಡುಗನನ್ನು ಕೊಳ್ಳುವುದೆಂದರೆ ಅವರಿಗೆ ಹೇಸಿಕೆಯಾಯಿತು. ಆದರೂ ತಸ್ಬಿಯನ್ನು ಜೇಬಿಗೆ ಹಾಕಿಕೊಂಡು ಎದ್ದರು. “ಕಪ್ಪಿಗೆ ನನ್ನ ಮಗನ ಹೆಸರದ. ಅದರಾಗ ಖೋಟಾ ವ್ಯಾಪಾರ ಆಗಬಾರದು. ನಡಿ.”

ಹುಮನಾಬಾದದ ಮೈದಾನದಲ್ಲಿ ಜುಬೇರ ಚೆಂಡನ್ನು ಮೂಲೆಯಿಂದ ಬಳ್ಳಿಯಂತೆ ಬಾಗಿಸಿ ಗೋಲಿನೊಳಗೆ ಇಟ್ಟ. ಮತ್ತೊಮ್ಮೆ ಇಟ್ಟ. ಅಜೀಮ್ ಮಕ್ಕಳಂತೆ ಚಪ್ಪಾಳೆ ಹೊಡೆದ. ಮಕ್ಬೂಲರ ಕಣ್ಣು ಮಾತ್ರ ಖಾಲಿ ಗೋಲಿನ ಕಂಬಗಳ ನಡುವೆ ನಿಂತುಬಿಟ್ಟಿತು. ಅಲ್ಲಿ ಫಿರೋಜ್ ಇದ್ದಿದ್ದರೆ ಎಡಕ್ಕೆ ಹಾರುತ್ತಿದ್ದ, ತಡೆಯದಿದ್ದರೂ ನಗುತ್ತ ಏಳುತ್ತಿದ್ದ.

“ಎರಡಕ್ಕ ಮೂರು ಕೊಟ್ರೂ ಸೋವಿ ಚಾಚಾ!” ಎಂದ ಅಜೀಮ್.

ಇಳಿಹೊತ್ತಿನ ಅಸರ್ ನಮಾಜಿಗೆ ಅಜಾನ್ ಆಯಿತು. ಮಸೀದಿಯ ಸಾಲಿನಲ್ಲಿ ಜುಬೇರ ಮಕ್ಬೂಲರ ಬಲಕ್ಕೇ ನಿಂತ. ಕೊನೆಯಲ್ಲಿ ಸಲಾಮಿಗೆ ಮುಖ ತಿರುಗಿಸಿದಾಗ ಅವರ ಕಣ್ಣಿಗೆ ಬಿತ್ತು: ಹುಡುಗ ಎಡಗಾಲನ್ನು ಮಡಿಚಿರಲಿಲ್ಲ, ಪಕ್ಕಕ್ಕೆ ಚಾಚಿದ್ದ. ಹಣೆಯ ಮೇಲೆ ಬೆವರಿತ್ತು. ಏಳುವಾಗ ನೆಲಕ್ಕೆ ಕೈಯೂರಿ ಎದ್ದ.

ಚಪ್ಪಲಿ ಬಿಟ್ಟ ಕಡೆ ಅವನನ್ನು ತಡೆದರು. “ಬೇಟಾ, ಮೊಣಕಾಲಿಗೆ ಏನಾಗ್ಯದ?”

ಜುಬೇರ ಸುತ್ತ ನೋಡಿ ದನಿ ತಗ್ಗಿಸಿದ. “ಒಳಗ ಹರದದರಿ. ಸೂಜಿ ಚುಚ್ಚಿಸ್ಕೊಂಡು ಆಡಾಕತ್ತೀನಿ. ಕ್ಲಬ್ಬಿನವ್ರು ಕರಾರು ಮುಗೀತಂದು ಕೈ ತೊಳ್ಕೊಂಡ್ರು. ಆಪರೇಶನ್‌ಗೆ ರೊಕ್ಕ ಬೇಕು. ಇದೊಂದು ಕಪ್ ಆಡಿ ಮಾಡಿಸ್ಕೊಂತೀನಿ.”

“ಕಾಲು ನೆಟ್ಟಗ ಮಾಡ್ಕೊಳ್ಳಾಕ ಕಾಲು ಮುರ್ಕೊಂತೀಯೇನು?”

“ಬ್ಯಾರೆ ಹಾದಿ ಇದ್ರ ತೋರಿಸ್ರಿ. ಇಲ್ಲಂದ್ರ ನಿಮಗ ಅಲ್ಲಾನ ಆಣಿ ಚಾಚಾ, ಯಾರ ಮುಂದೂ ಅನಬ್ಯಾಡ್ರಿ.”

ತೋರಿಸಲು ಮಕ್ಬೂಲರ ಬಳಿ ಯಾವ ಹಾದಿಯೂ ಇರಲಿಲ್ಲ. ಅಲ್ಲಾನ ಮನೆಯಲ್ಲಿ ಕಂಡ ಇನ್ನೊಬ್ಬರ ಐಬನ್ನು ಬಜಾರಕ್ಕೆ ಒಯ್ಯಬಾರದೆಂದು ಅವರು ನಂಬಿದ್ದರು. “ಅನ್ನಂಗಿಲ್ಲ” ಎಂದರು.

ಚಹದಂಗಡಿಯಲ್ಲಿ ಜುಬೇರನ ಸೋದರಮಾವ ಅಬ್ದುಲ್ ಕರೀಂ ಟವೆಲ್ ಹಾಸಿಕೊಂಡು ಕೂತಿದ್ದ. ಅವನೂ ದನದ ಬಜಾರದವನೇ, ಹಳೆಯ ಗುರುತು. ಮಕ್ಬೂಲರು ಕೆಳಗೆ ಕೈಯಿಟ್ಟರು. ಅವನು ಎರಡು ಬೆರಳು ಹಿಡಿದು ಒತ್ತಿದ. ಐಬು ಗೊತ್ತಿದ್ದೂ ಕೊಂಡರೆ ತನ್ನನ್ನು ನಂಬಿ ಕರೆತಂದವರಿಗೆ ದ್ರೋಹ, ಹೇಳಿದರೆ ಕೊಟ್ಟ ಮಾತಿಗೆ ದ್ರೋಹ. ಅವರು ಕೈಯನ್ನು ಹೊರಗೆ ಎಳೆದುಕೊಂಡರು.

“ಜಮಾಸಂಗಿಲ್ಲ, ಈ ವ್ಯಾಪಾರ ಕೂಡಂಗಿಲ್ಲ.”

“ಯಾಕ?” ಅಜೀಮ್ ಬೆಚ್ಚಿದ. “ಎಷ್ಟಕ್ಕ ಕೊಡ್ತಾರ ಕೇಳ್ರಿ!”

“ಎಷ್ಟಕ್ಕೂ ಬ್ಯಾಡ.”

“ಕಾರಣ ಹೇಳ್ರಿ ಮತ್ತ!”

ಮಕ್ಬೂಲ್ ಟವೆಲ್ ಮಡಿಚಿ ಅಬ್ದುಲ್ ಕರೀಮನ ಕೈಗೆ ಕೊಟ್ಟರು. ಅಜೀಮನಿಗೆ ರೋಷ ಏರಿತು. ಅಂಗಡಿಯ ಮಂದಿಗೆಲ್ಲ ಕೇಳುವಂತೆ ಅಂದ: “ನಾನೇ ಹೇಳ್ತೀನಿ ಬಿಡ್ರಿ. ನಿಮ್ಮ ಮಗ ಹೋದ. ಇನ್ನೊಬ್ಬರ ಮಗ ಗಳಸೂದು ನಿಮ್ಮ ಕಣ್ಣಿಗೆ ಆಗವಲ್ದು.”

ಮಕ್ಬೂಲರ ಗಂಟಲಿನವರೆಗೆ ಬಂದದ್ದು ಮೊಣಕಾಲಿನ ಮಾತು. ಅದನ್ನು ನುಂಗಿ ಅವರು ಬಸ್ಸಿಗೆ ನಡೆದರು. ಅಜೀಮನಿಗೂ ಒಬ್ಬನೇ ಬೆಲೆ ಕಟ್ಟುವ ಧೈರ್ಯ ಬರಲಿಲ್ಲ. ಸಂಜೆಯೊಳಗೆ ಜುಬೇರ ಹುಮನಾಬಾದದ ಪಾಲಾದ.

ಫೈನಲ್‌ನಲ್ಲಿ ಎದುರಾದವು ಇವೇ ಎರಡೂರು. ಬಸವಕಲ್ಯಾಣದ ಮೈದಾನ ತುಂಬಿತ್ತು. ಜುಬೇರ ಮೊದಲರ್ಧದಲ್ಲಿ ಒಂದು ಗೋಲು ಹೊಡೆದ. ಆಟ ಮತ್ತೆ ಶುರುವಾಗಿ ಸ್ವಲ್ಪ ಹೊತ್ತಿಗೆ ಇನ್ನೊಂದು ಹೊಡೆದು ನಿಂತಲ್ಲೇ ಕುಸಿದ. ಸಂತೋಷಕ್ಕೆ ಬಿದ್ದನೆಂದು ಜನ ಕೇಕೆ ಹಾಕಿದರು. ನಾಲ್ಕು ಮಂದಿ ಅವನನ್ನು ಹೊತ್ತು ಆಟೊದಲ್ಲಿ ಹಾಕಿ ಮತ್ತೆ ಆಟ ನೋಡಲು ಓಡಿಬಂದರು.

ಹುಮನಾಬಾದ ಗೆದ್ದಿತು. ಫಿರೋಜನ ತಂದೆಯೆಂದು ಮಕ್ಬೂಲರೇ ಕಪ್ ಕೊಡಬೇಕಾಯಿತು. ಕಪ್ಪಿನ ಮೇಲೆ ಮಗನ ಹೆಸರು ಹೊಳೆಯುತ್ತಿತ್ತು. ಅಜೀಮ್ ಪಕ್ಕಕ್ಕೆ ಬಂದು, “ಜಮಾಸಂಗಿಲ್ಲ ಅಂದಿದ್ರಲ್ಲ ಚಾಚಾ, ಅವನೇ ಒಯ್ದ ನೋಡ್ರಿ ನಿಮ್ಮ ಮಗನ ಕಪ್” ಎಂದ. ಮಕ್ಬೂಲರು ಅವನ ಮುಖ ನೋಡಲಿಲ್ಲ. ಅವರು ಆಟೊ ಹೋದ ದಾರಿಯನ್ನು ನೋಡುತ್ತಿದ್ದರು.

ಚಳಿಗಾಲ ಕಳೆದ ಮೇಲೆ ಒಂದು ದಿನ ಕೆಲಸದ ಮೇಲೆ ಹುಮನಾಬಾದಕ್ಕೆ ಹೋದ ಮಕ್ಬೂಲರು ಅದೇ ಮಸೀದಿಗೆ ಹೋದರು. ಹಿಂದಿನ ಸಾಲಿನಲ್ಲಿ ಮುದುಕರಿಗೆಂದು ಹಾಕಿದ ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಅವುಗಳಲ್ಲೊಂದರ ಮೇಲೆ ಜುಬೇರ ಕೂತಿದ್ದ. ಊರುಗೋಲು ಗೋಡೆಗೆ ಆನಿಸಿತ್ತು.

“ಆಪರೇಶನ್ ಮಾಡಿಸಿದೆಯೇನು ಬೇಟಾ?”

“ಅರ್ಧಾನೇ ಕೊಟ್ರು ಚಾಚಾ. ಆಟ ಪೂರಾ ಆಡಿಲ್ಲಂದ್ರು. ಈಗ ಮಾಡಿಸಿದ್ರೂ ಮೊದಲಿನಂಗ ಆಗಂಗಿಲ್ಲಂತ.” ಊರುಗೋಲನ್ನು ಹತ್ತಿರಕ್ಕೆ ಎಳೆದುಕೊಂಡು ಅಂದ: “ಅವತ್ತು ನೀವು ಬಾಯಿ ಬಿಡ್ಲಿಲ್ಲ. ಭಾಳ ಉಪಕಾರ ಆತ್ರಿ.”

ಅವನು ಕುಹಕಕ್ಕೆ ಆಡಿದ ಮಾತಲ್ಲ ಅದು, ಮನಸ್ಸಿನಿಂದಲೇ ಆಡಿದ್ದು. ಅಂದು ಚಹದಂಗಡಿಯಲ್ಲಿ ಬಾಯಿ ಬಿಟ್ಟಿದ್ದರೆ ಹುಮನಾಬಾದದವರೂ ಇವನನ್ನು ಕೊಳ್ಳುತ್ತಿರಲಿಲ್ಲ. ಕೈ ಖಾಲಿ ಇರುತ್ತಿತ್ತು, ಕಾಲು ಇರುತ್ತಿತ್ತು.

ಮಸೀದಿ ನೋಡಿಕೊಳ್ಳುವ ಖಾದಿಮ ಮಕ್ಬೂಲರ ಬಿಳಿಗಡ್ಡ ನೋಡಿ ಇನ್ನೊಂದು ಕುರ್ಚಿ ತಂದ. ಬೇಡವೆಂದು ಕೈಯಾಡಿಸಿ ಅವರು ಜುಬೇರನ ಪಕ್ಕದಲ್ಲೇ ನಮಾಜಿಗೆ ನಿಂತರು. ಕೂರುವ ಹೊತ್ತಿಗೆ ಅವರ ಹಳೆಯ ಮೊಣಕಾಲು ಸಲೀಸಾಗಿ ಮಡಿಚಿಕೊಂಡಿತು. ಅವರಿಗೆ ಅದನ್ನೇ ಸಹಿಸಲಾಗಲಿಲ್ಲ.