ಹಾಕ್ಲೂ ಇಲ್ಲ, ತೆಗೀಲೂ ಇಲ್ಲ

ತೈನಾನ್ ನಗರದ ಮೀನು ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಪೇಷಾನ್‌ಳ ತಿಂಡಿ ಅಂಗಡಿ. ಬೆಳಗಿನ ಗಿರಾಕಿಗಳ ಗಲಾಟೆ ಮುಗಿದ ಮೇಲೆ ಅವಳು ಮಗಳು ಯೂತೊಂಗ್‌ಳನ್ನು ಎದುರಿಗೆ ಕೂರಿಸಿಕೊಂಡು ಸೋಯಾ ಕಾಳುಗಳನ್ನು ಎರಡು ಸಾಲಾಗಿ ಜೋಡಿಸುತ್ತಿದ್ದಳು. ವಿಶ್ವವಿದ್ಯಾಲಯದವರು ಶಿಶುವಿಹಾರಕ್ಕೆ ಬಂದು ಮಕ್ಕಳು ಹೇಗೆ ಯೋಚಿಸುತ್ತಾರೆಂದು ಪರೀಕ್ಷೆ ಮಾಡುತ್ತಾರಂತೆ, ಗೆದ್ದವರನ್ನು ಒಂದನೇ ಕ್ಲಾಸಿನಲ್ಲಿ ಜಾಣರ ಗುಂಪಿಗೆ ಹಾಕುತ್ತಾರಂತೆ ಎಂದು ಓಣಿಯಲ್ಲೆಲ್ಲ ಸುದ್ದಿ. ಹೋದ ವರ್ಷ ಏನು ಕೇಳಿದ್ದರೆಂದು ಅತ್ತಿಗೆ ಗುಟ್ಟಾಗಿ ಹೇಳಿದ್ದಳು.

ಒಂದು ಸಾಲನ್ನು ಅಗಲಕ್ಕೆ ಹರಡಿ, "ಈಗ ಯಾವುದರಲ್ಲಿ ಜಾಸ್ತಿ?" ಎಂದರೆ ಮಗಳು ಉದ್ದದ ಸಾಲನ್ನೇ ತೋರಿಸುತ್ತಿದ್ದಳು.

"ಅಯ್ಯೋ ನನ್ನ ದಡ್ಡೀ! ಎರಡೂ ಅಷ್ಟೇ ಕಣೇ. ಹಾಕ್ಲೂ ಇಲ್ಲ, ತೆಗೀಲೂ ಇಲ್ಲ. ಹೇಳು."

"ಹಾಕ್ಲೂ ಇಲ್ಲ, ತೆಗೀಲೂ ಇಲ್ಲ."

"ಆ ಟೀಚರ್ ಏನೇ ಕೇಳ್ಲಿ, ಇದನ್ನೇ ಹೇಳ್ಬೇಕು. ಆಯ್ತಾ?"

ಪರೀಕ್ಷೆಯ ದಿನ ತಾಯಂದಿರು ಗೋಡೆಯ ಪಕ್ಕದ ಪುಟ್ಟ ಕುರ್ಚಿಗಳ ಮೇಲೆ ಮುದುಡಿ ಕೂತಿದ್ದರು. ವಿಶ್ವವಿದ್ಯಾಲಯದಿಂದ ಬಂದಿದ್ದ ಕೋ ಟೀಚರ್ ಎಂಬ ಹೆಂಗಸು ಮೇಜಿನ ಮೇಲೆ ಅಂಗಿಯ ಗುಂಡಿಗಳನ್ನು ಎರಡು ಸಾಲಾಗಿ ಇಟ್ಟು, ಒಂದು ಸಾಲನ್ನು ಅಗಲಕ್ಕೆ ಹರಡಿದಳು.

"ಈಗ ಹೇಗೆ, ಪುಟ್ಟೀ?"

"ಎರಡೂ ಅಷ್ಟೇ! ಹಾಕ್ಲೂ ಇಲ್ಲ, ತೆಗೀಲೂ ಇಲ್ಲ!"

ಪೇಷಾನ್ ಪಕ್ಕದವಳ ಕಡೆ ನೋಡಿ ಬೀಗಿದಳು. ಅಷ್ಟರಲ್ಲಿ ಕೋ ಟೀಚರ್ ಆ ಸಾಲಿನಿಂದ ಒಂದು ಗುಂಡಿಯನ್ನು ಮಗುವಿನ ಕಣ್ಣೆದುರೇ ಎತ್ತಿ ತನ್ನ ಜೇಬಿಗೆ ಹಾಕಿಕೊಂಡಳು. "ಈಗ?"

ಯೂತೊಂಗ್ ಜೇಬನ್ನು ನೋಡಿದಳು. ತಿರುಗಿ ಅಮ್ಮನನ್ನು ನೋಡಿದಳು. ಆಮೇಲೆ ಗಟ್ಟಿಯಾಗಿ, "ಎರಡೂ ಅಷ್ಟೇ. ಹಾಕ್ಲೂ ಇಲ್ಲ, ತೆಗೀಲೂ ಇಲ್ಲ."

ಯಾರೋ ಕಿಸಕ್ಕೆಂದರು.

"ಹೀಗೆ ಹೇಳು ಅಂತ ಯಾರಾದ್ರೂ ಹೇಳಿಕೊಟ್ರಾ?" ಕೋ ಟೀಚರ್ ಮೆಲ್ಲಗೆ ಕೇಳಿದಳು.

"ಅಮ್ಮ."

ಎಲ್ಲರ ಕಣ್ಣೂ ಪೇಷಾನ್ ಮೇಲೆ ಬಿತ್ತು. ಕಿವಿಯವರೆಗೂ ಬಿಸಿ ಏರಿತು. "ಅಯ್ಯೋ, ನಾನೆಲ್ಲಿ ಹೇಳಿಕೊಟ್ಟೆ! ಇವಳು ಹೀಗೇ ಟೀಚರ್, ಏನೇನೋ ಕಟ್ಟಿ ಹೇಳ್ತಾಳೆ" ಎಂದುಬಿಟ್ಟಳು.

ಯೂತೊಂಗ್ ಅಳಲಿಲ್ಲ. ಅಮ್ಮನನ್ನು ಸುಮ್ಮನೆ ನೋಡಿದಳು, ಅಷ್ಟೇ.

ಮನೆಗೆ ಹೋಗುವಾಗ ಸ್ಕೂಟರಿನ ಹಿಂದೆ ಕೂತ ಮಗಳು ಅಮ್ಮನ ಸೊಂಟ ತಬ್ಬಿಕೊಳ್ಳಲಿಲ್ಲ. ಸೀಟಿನ ಅಂಚು ಹಿಡಿದಿದ್ದಳು. ಸಿಗ್ನಲ್ಲಿನಲ್ಲಿ ನಿಂತಾಗ ಪೇಷಾನ್ ಕೇಳಿದಳು: "ಟೀಚರ್ ಒಂದು ತೆಗೆದಿದ್ದು ನೀನು ನೋಡ್ಲಿಲ್ವಾ?"

"ನೋಡ್ದೆ."

"ಮತ್ತೆ?"

"ಏನೇ ಕೇಳಿದ್ರೂ ಅದನ್ನೇ ಹೇಳು ಅಂದಿದ್ದೆ ನೀನು."

ಹಸಿರು ದೀಪ ಬಿತ್ತು. ಹಿಂದಿನವರು ಹಾರ್ನ್ ಹೊಡೆದರು. ಪೇಷಾನ್ ಸ್ಕೂಟರನ್ನು ಬಂದ ದಾರಿಗೇ ತಿರುಗಿಸಿದಳು.

ಶಿಶುವಿಹಾರದಲ್ಲಿ ಕೋ ಟೀಚರ್ ಗುಂಡಿಗಳನ್ನು ಡಬ್ಬಿಗೆ ತುಂಬುತ್ತಿದ್ದಳು. ಪೇಷಾನ್ ಮಗಳ ಕೈ ಹಿಡಿದುಕೊಂಡೇ ಒಳಗೆ ಹೋಗಿ, "ನಾನೇ ಬಾಯಿಪಾಠ ಮಾಡಿಸಿದ್ದು, ಟೀಚರ್. ಮಗು ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಿದ್ದು ನಾನು" ಎಂದಳು. ಹೇಳುವಾಗ ನೆಲ ಬಿಟ್ಟು ಬೇರೆಲ್ಲೂ ನೋಡಲಾಗಲಿಲ್ಲ.

ಕೋ ಟೀಚರ್ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಜಾಣರ ಗುಂಪು ಅನ್ನೋದೇ ಇಲ್ಲಮ್ಮ. ಮಕ್ಕಳು ಈಗ ಹೇಗೆ ಯೋಚಿಸ್ತಾರೆ, ಮುಂದೆ ಲೆಕ್ಕ ಹೇಗೆ ಕಲೀತಾರೆ ಅಂತ ನೋಡ್ತೀವಿ. ತಪ್ಪು ಹೇಳಿದ್ರೂ ನಮಗೆ ಉಪಯೋಗವೇ. ಮನೇಲಿ ಉತ್ತರ ಹೇಳಿಕೊಡಬೇಡಿ, ಸುಮ್ನೆ ಪ್ರಶ್ನೆ ಕೇಳ್ತಾ ಇರಿ."

ಆ ಸಂಜೆ ಪೇಷಾನ್ ಸೀಬೆಹಣ್ಣು ಹೆಚ್ಚಿದಳು. ಒಂದು ಹಣ್ಣನ್ನು ದಪ್ಪ ಹೋಳಾಗಿ, ಅಷ್ಟೇ ಗಾತ್ರದ ಇನ್ನೊಂದನ್ನು ತೆಳ್ಳಗೆ. ಎರಡು ತಟ್ಟೆಗಳನ್ನು ಮಗಳ ಮುಂದಿಟ್ಟು, ದನಿಯನ್ನು ಆದಷ್ಟು ಹಗುರ ಮಾಡಿಕೊಂಡು, "ಯಾವುದರಲ್ಲಿ ಹಣ್ಣು ಜಾಸ್ತಿ ಇದೆ?" ಎಂದಳು.

ಯೂತೊಂಗ್ ತಟ್ಟೆಗಳನ್ನು ನೋಡಲೇ ಇಲ್ಲ. ಅಮ್ಮನ ಮುಖವನ್ನೇ ಹುಡುಕುತ್ತಾ ಕೇಳಿದಳು: "ಯಾವುದು ಅಂತ ಹೇಳ್ಲಿ?"

ಪೇಷಾನ್ ತಟ್ಟೆಗಳನ್ನು ಮಗಳತ್ತ ಇನ್ನಷ್ಟು ಸರಿಸಿದಳು. "ನಿನಗೆ ಹೇಗೆ ಕಾಣುತ್ತೋ ಹಾಗೆ, ಚಿನ್ನ" ಎಂದಳು. ಮಗಳಿಗೆ ನಂಬಿಕೆ ಬರಲಿಲ್ಲ. ಪೇಷಾನ್ ಎದ್ದು, ಮಗಳಿಗೆ ತನ್ನ ಮುಖ ಕಾಣದ ಹಾಗೆ ಗೋಡೆಯ ಕಡೆ ತಿರುಗಿ ನಿಂತು, ಅವಳ ಉತ್ತರಕ್ಕೆ ಕಾಯತೊಡಗಿದಳು.